ಕೊಲೆಗಾರ ಯಾರೆಂದು ಹೇಳಬೇಡಿ

ಪ್ರಶ್ನೆ: ಸಾರ್, ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಕೆಲಸಕ್ಕೆ ಬರುತ್ತೇನೆ. ಪತ್ತೇದಾರಿ ಕಾದಂಬರಿ ಅಂದರೆ ಪ್ರಾಣ. ಮೊದಲೆಲ್ಲ ವಾರಕ್ಕೊಂದು ಮುಗಿಯುತ್ತಿತ್ತು. ಈಗ ಮೊಬೈಲ್‌ನಲ್ಲಿ ಹೊಸ ಪುಸ್ತಕಗಳ ಸುದ್ದಿ, ಬಹುಮಾನದ ಪಟ್ಟಿ, ವಿಮರ್ಶೆ ನೋಡುವಷ್ಟರಲ್ಲೇ ಶ್ರೀರಂಗಪಟ್ಟಣ ಬಂದಿರುತ್ತದೆ. ನಾಲ್ಕು ತಿಂಗಳಿಂದ ಒಂದು ಪುಸ್ತಕವನ್ನೂ ಪೂರ್ತಿ ಓದಿಲ್ಲ. ಇಷ್ಟನ್ನೆಲ್ಲ ಓದಿ ಮುಗಿಸುವುದು ಹೇಗೆ?
– ಓದುಗಿ, ಮಂಡ್ಯ

ಉತ್ತರ: ಮುಗಿಸಬೇಡಿ ತಾಯಿ. ಯಾರಿಂದಲೂ ಆಗಲ್ಲ.

ನಾನು 1975ರಲ್ಲಿ ಅಗ್ರಹಾರದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟೆ. ಆಗ ಹೊಸ ಪುಸ್ತಕದ ಸುದ್ದಿ ಅಂದರೆ ಅಂಗಡಿ ಮುಂದೆ ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕಿದ ಪುಸ್ತಕ, ಅಷ್ಟೇ. ಗಿರಾಕಿಗಳು ಪುಸ್ತಕದ ಹೆಸರನ್ನೂ ಕೇಳುತ್ತಿರಲಿಲ್ಲ. ‘ಪುರುಷೋತ್ತಮ ಬಂದಿದ್ದಾನಾ?’ ಅನ್ನುತ್ತಿದ್ದರು, ಪಕ್ಕದ ಮನೆ ಹುಡುಗನನ್ನು ವಿಚಾರಿಸಿದ ಹಾಗೆ. ಎನ್. ನರಸಿಂಹಯ್ಯನವರ ಪತ್ತೇದಾರ ಅವನು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಆ ಮನುಷ್ಯ ಐನೂರಕ್ಕೂ ಜಾಸ್ತಿ ಕಾದಂಬರಿ ಬರೆದರು. ಅಷ್ಟನ್ನೂ ಓದಿದ ಗಿರಾಕಿ ನನಗೆ ಒಬ್ಬರೂ ಸಿಗಲಿಲ್ಲ. ಅದಕ್ಕಾಗಿ ಯಾರೂ ಕೊರಗಿದ್ದೂ ಇಲ್ಲ.

ನೀವೂ ಹಾಗೇ ಮಾಡಿ. ಇಬ್ಬರು ಪತ್ತೇದಾರರನ್ನು ಹಿಡಿದುಕೊಳ್ಳಿ, ಅವರು ಬಂದಾಗ ಓದಿ. ಹೊಸಬರು ಬೇಕು ಅಂದರೆ ವರ್ಷಕ್ಕೆ ಒಂದೇ ಪಟ್ಟಿ ಸಾಕು. ಅಮೆರಿಕದವರು ತಮ್ಮ ಹಳೆಯ ಪತ್ತೇದಾರಿ ಕಥೆಗಾರ ಎಡ್ಗರ್ ಅಲನ್ ಪೋ ಹೆಸರಿನಲ್ಲಿ 1946ರಿಂದ ಎಡ್ಗರ್ ಬಹುಮಾನ ಕೊಡುತ್ತಿದ್ದಾರೆ. ಬ್ರಿಟನ್ನಿನವರದು ಡ್ಯಾಗರ್, ಅಂದರೆ ಕಠಾರಿ. ಅದರಲ್ಲಿ ಇಂಗ್ಲಿಷಿಗೆ ಅನುವಾದವಾದ ಕಾದಂಬರಿಗಳಿಗೇ 2006ರಿಂದ ಬೇರೆ ಬಹುಮಾನವಿದೆ. ನಾನು ಆ ಅನುವಾದದ ಪಟ್ಟಿ ಒಂದನ್ನೇ ನೋಡುತ್ತೇನೆ. ನಾಲ್ಕು ಹೆಸರು ಡೈರಿಯಲ್ಲಿ ಬರೆದುಕೊಂಡರೆ ಆ ವರ್ಷದ ಸುದ್ದಿ ಮುಗಿಯಿತು. ಒಬ್ಬರು ಕಷ್ಟಪಟ್ಟು ಅನುವಾದ ಮಾಡಿದ್ದಾರೆ ಅಂದರೆ ಒಂದು ಸಲ ಜರಡಿ ಹಿಡಿದಾಗಿದೆ ಅಂತ ನನ್ನ ಲೆಕ್ಕ.

ತಡವಾಯಿತು ಅನ್ನುವ ಭಯವಂತೂ ಬೇಡ. ಜಪಾನಿನ ಕೀಗೊ ಹಿಗಾಶಿನೊ ಬರೆದ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಅಲ್ಲಿ 2005ರಲ್ಲೇ ಪುಸ್ತಕವಾಗಿತ್ತು, ಇಂಗ್ಲಿಷಿಗೆ ಬಂದದ್ದು 2011ರಲ್ಲಿ. ಆರು ವರ್ಷದ ಹಳೆಯ ಹೆಣ, ಆದರೂ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕೊಂದದ್ದು ಯಾರು ಅಂತ ಅದರಲ್ಲಿ ಶುರುವಿನಲ್ಲೇ ಹೇಳಿಬಿಡುತ್ತಾರೆ. ಮುಂದಿನದನ್ನು ನಾನು ಹೇಳಲ್ಲ. ಮಂಡ್ಯ ಸ್ಟೇಷನ್ನಿನಲ್ಲಿ ಮೊಬೈಲ್ ಬ್ಯಾಗಿಗೆ ಹಾಕಿ, ನಾಗನಹಳ್ಳಿ ದಾಟುವವರೆಗೆ ಓದಿ ನೋಡಿ.

ಪ್ರಶ್ನೆ: ವಿಮರ್ಶೆ ಓದಿದರೆ ಕೊನೆ ಗೊತ್ತಾಗಿಬಿಡುತ್ತದೆ. ಓದುವುದೇ ಬಿಡಲೇ?
– ಓದುಗ, ಕುವೆಂಪುನಗರ

ಉತ್ತರ: ಮೊದಲ ಪ್ಯಾರಾ, ಕೊನೆಯ ಪ್ಯಾರಾ ಓದಿ. ಮಧ್ಯದ್ದನ್ನು ಬಿಡಿ, ಬಾಯಿ ಬಿಡುವುದೆಲ್ಲ ಅಲ್ಲೇ.

ನನ್ನ ಅಂಗಡಿಯಲ್ಲೂ ಈ ಕಾಟವಿತ್ತು. ಪುಸ್ತಕ ವಾಪಸ್ ಬಂದರೆ ಹನ್ನೆರಡನೇ ಪುಟದಲ್ಲಿ ಪೆನ್ಸಿಲ್‌ನಲ್ಲಿ ‘ಡಾಕ್ಟರೇ ಕೊಂದದ್ದು’. ಇನ್ನೊಂದರಲ್ಲಿ ‘ಮೈದುನ’. ಕಾಲೇಜು ಹುಡುಗರ ಮೇಲೆ ನನಗೆ ಗುಮಾನಿ. ಎಲ್ಲವನ್ನೂ ರಬ್ಬರ್ ಹಾಕಿ ಅಳಿಸಿ, ಪ್ರತಿಯೊಬ್ಬರೂ ವಾಪಸ್ ಕೊಟ್ಟಾಗ ಹನ್ನೆರಡನೇ ಪುಟ ತೆಗೆದು ನೋಡುತ್ತಾ ಕೂತೆ. ಎಂಟನೇ ದಿನಕ್ಕೆ ಸಿಕ್ಕಿಬಿದ್ದರು. ಹಣೆಗೆ ವಿಭೂತಿ, ಕೈಯಲ್ಲಿ ಛತ್ರಿ, ರಿಟೈರಾದ ದೊಡ್ಡ ಮನುಷ್ಯರು! ಕೇಳಿದರೆ, ‘ಜನ ಸುಮ್ನೆ ಎರಡು ದಿನ ಹಾಳು ಮಾಡ್ಕೋತಾರಲ್ಲ ಅಂತ ಬರೆದೆ ಕಣಯ್ಯಾ’ ಅಂದರು.

ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕ ಶುರುವಾದದ್ದು 1952ರಲ್ಲಿ. ಗುಟ್ಟು ಹೊರಗೆ ಹೇಳಬೇಡಿ ಅಂತ ಆಟ ಮುಗಿದ ಮೇಲೆ ನಟರೇ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. ನಮ್ಮ ಛತ್ರಿ ಯಜಮಾನರು ಅಲ್ಲಿರಲಿಲ್ಲ, ನಾಟಕದ ಪುಣ್ಯ.

ಪ್ರಶ್ನೆ: ಪತ್ತೇದಾರಿ ಓದುವುದು ಸಾಹಿತ್ಯವಲ್ಲ ಅನ್ನುತ್ತಾರೆ ನಮ್ಮ ಮೇಷ್ಟ್ರು.
– ವಿದ್ಯಾರ್ಥಿ, ಮೈಸೂರು

ಉತ್ತರ: ನವೆಂಬರ್ ಒಂದರಂದು ಅವರು ಎದ್ದು ನಿಂತು ಗೌರವಿಸುವ ಹಳದಿ-ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು ಅಂತ ಹೇಳಿ. ಮೆತ್ತಗೆ ಹೇಳಿ, ಇಂಟರ್ನಲ್ ಮಾರ್ಕ್ಸ್ ಅವರ ಕೈಲಿದೆ ಅಲ್ವಾ.

ಈ ಸಲ ನನ್ನದೂ ಒಂದು ಪ್ರಶ್ನೆ. ಅಂಗಡಿ ಮುಚ್ಚಿದಾಗ ಉಳಿದ ಪುಸ್ತಕಗಳಲ್ಲಿ ಒಂದಕ್ಕೆ ರಟ್ಟಿಲ್ಲ, ಕೊನೆಯ ಎಂಟು ಪುಟವೂ ಇಲ್ಲ. ಲಾಯರ ಮನೆ ಬಾವಿಯಲ್ಲಿ ಸೂಟ್‌ಕೇಸ್ ಸಿಗುವ ಕಥೆ. ಓದಿದವರು ಯಾರಾದರೂ ಇದ್ದರೆ ಪತ್ರ ಬರೆಯಿರಿ. ಕೊಲೆಗಾರ ಯಾರು ಅಂತ ನನಗೊಬ್ಬನಿಗೆ ಹೇಳಬಹುದು.