ಕಷಾಯಕ್ಕಿಂತ ಅದರ ಬಿಸಿಯದ್ದೇ ಭಯ

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಅತ್ತೆಗೆ 62 ವರ್ಷ. ದಿನಕ್ಕೆ ಮೂರ್ನಾಲ್ಕು ಸಲ ಶುಂಠಿ, ಮೆಣಸು, ಜೀರಿಗೆ, ಧನಿಯ ಹಾಕಿ ಕಷಾಯ ಕಾಯಿಸಿ, ಒಲೆಯಿಂದ ಇಳಿಸಿದ ಕೂಡಲೇ ಕುಡಿಯುತ್ತಾರೆ. ಆರಿದರೆ ಅವರಿಗೆ ಸೇರುವುದಿಲ್ಲ. ಕಷಾಯದಿಂದ ಅನ್ನನಾಳದ ಕ್ಯಾನ್ಸರ್ ಬರುತ್ತದೆ ಅಂತ ಮೊಬೈಲ್‌ನಲ್ಲಿ ಓದಿದೆ. ನಿಜವೇ? ಊಟ ಆದ ಮೇಲೆ ಎಲೆಅಡಿಕೆ, ಕಡ್ಡಿಪುಡಿ ಬೇಕೇ ಬೇಕು. ಎರಡು ತಿಂಗಳಿಂದ ಮುದ್ದೆ ಇಳಿಯಲ್ಲ ಅಂತ ಅನ್ನವನ್ನೇ ಮೆತ್ತಗೆ ಕಲಸಿಕೊಂಡು ಉಣ್ಣುತ್ತಾರೆ. ಕೇಳಿದರೆ ಗ್ಯಾಸ್ ಅನ್ನುತ್ತಾರೆ.

ಉತ್ತರ: ನೀವು ಕೊನೆಯಲ್ಲಿ ಬರೆದ ಮಾತಿನಿಂದಲೇ ಶುರು ಮಾಡುತ್ತೇನೆ. ಕಷಾಯದ ವಿಷಯ ಆಮೇಲೆ ನೋಡೋಣ.

ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ಹಾಗೇ ನುಂಗುತ್ತೇವೆ. ಅನ್ನನಾಳ ಎಲ್ಲಾದರೂ ಕಿರಿದಾದರೆ ಮೊದಲು ಸಿಕ್ಕಿಕೊಳ್ಳುವುದು ಗಟ್ಟಿ ತುತ್ತು. ಆಮೇಲೆ ಮೆತ್ತನೆ ಅನ್ನ, ಕೊನೆಗೆ ನೀರು ಕೂಡ. ಹುಟ್ಟಿದಾಗಿನಿಂದ ಮುದ್ದೆ ಉಂಡವರು ಸುಮ್ನೆ ಅದನ್ನು ಬಿಡುತ್ತಾರಾ? ಇದು ಕ್ಯಾನ್ಸರ್ರೇ ಅಂತ ನಾನು ಹೇಳುತ್ತಿಲ್ಲ. ಹೊಟ್ಟೆಯ ಆಮ್ಲ ಮೇಲೆ ಬಂದು ಹುಣ್ಣಾಗಿ, ಅದು ಮಾಗುವಾಗಲೂ ನಾಳ ಬಿಗಿಯಾಗಬಹುದು. ಯಾವುದು ಅಂತ ಗೊತ್ತಾಗಬೇಕಾದರೆ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸಿ ನೋಡುವ ಪರೀಕ್ಷೆ, ಮಾಡಿಸಲೇಬೇಕು. ಗ್ಯಾಸ್ ಮಾತ್ರೆ ನುಂಗಿಕೊಂಡು ತಿಂಗಳುಗಟ್ಟಲೆ ಕಾಯಬೇಡಿ. ಈ ವಾರವೇ ಕರೆದುಕೊಂಡು ಹೋಗಿ.

ಈಗ ಕಷಾಯ. ಶುಂಠಿ, ಜೀರಿಗೆ, ಧನಿಯ ನಮ್ಮ ಅಡುಗೆಮನೆಯ ಸಾಮಾನು. ಇವುಗಳಿಂದ ಅನ್ನನಾಳದ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ನೀವು ಓದಿದ್ದು ಬೇರೆ ದೇಶದ ಗಿಡದ ಕಥೆ ಇರಬಹುದು. ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದಲ್ಲಿ ಈ ಕ್ಯಾನ್ಸರ್ ಜಾಸ್ತಿ ಕಾಣಿಸಿತ್ತು. ಅಲ್ಲಿನವರು ವೆಲೆನ್ಸಾಲಿ ಅನ್ನುವ ಗಿಡದ ಎಲೆಯ ಟೀ ಕುಡಿಯುತ್ತಿದ್ದರು. ಅದು ನಮ್ಮ ಜಾಪಾಳದ ಕುಲದ್ದೇ ಗಿಡ. ಕ್ಯಾನ್ಸರ್ ಗಡ್ಡೆ ಬೆಳೆಯಲು ಕುಮ್ಮಕ್ಕು ಕೊಡುವ ಅಂಶ ಅದರಲ್ಲಿ ಸಿಕ್ಕಿತು. ಹಾಗಾಗಿ ಗುರುತಿಲ್ಲದ ಬೇರು, ಸೊಪ್ಪು ತಂದು ದಿನಾ ಕುದಿಸಿ ಕುಡಿಯುವುದು ಬೇಡ. ಜೀರಿಗೆ ಕಷಾಯಕ್ಕೆ ಹೆದರಬೇಕಿಲ್ಲ.

ಹೆದರಬೇಕಾದ್ದು ಬಿಸಿಗೆ. 65 ಡಿಗ್ರಿಗಿಂತ ಜಾಸ್ತಿ ಬಿಸಿ ಇರುವ ಯಾವುದೇ ಪಾನೀಯ ಬಹುಶಃ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿತು. ಇರಾನಿನ ಗೊಲೆಸ್ತಾನ್ ಪ್ರಾಂತ್ಯದಲ್ಲಿ 50,000 ಜನರನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ವರದಿ ಪ್ರಕಟಿಸಿದರು. 60 ಡಿಗ್ರಿ ಅಥವಾ ಅದಕ್ಕೂ ಬಿಸಿ ಟೀಯನ್ನು ದಿನಕ್ಕೆ 700 ಮಿಲಿಲೀಟರ್‌ಗಿಂತ ಜಾಸ್ತಿ ಕುಡಿಯುವವರಲ್ಲಿ, ಕಡಿಮೆ ಬಿಸಿಯಲ್ಲಿ ಕಡಿಮೆ ಕುಡಿಯುವವರಿಗಿಂತ ಈ ಕ್ಯಾನ್ಸರಿನ ಅಪಾಯ ಸುಮಾರು 90% ಜಾಸ್ತಿ ಇತ್ತು. ನಾಳದ ಒಳಪದರ ದಿನಾ ಸುಟ್ಟು, ದಿನಾ ಮಾಗಿ, ಮತ್ತೆ ಸುಡುತ್ತದೆ. ಆ ರಿಪೇರಿಯಲ್ಲೇ ಎಲ್ಲೋ ಒಂದು ಕಡೆ ಕೋಶ ದಾರಿ ತಪ್ಪಬಹುದು.

ನಮ್ಮ ಕಡೆ ಎತ್ತರ ಇರುವುದರಿಂದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಇಳಿಸಿದ ಕೂಡಲೇ ಕುಡಿದರೆ ಗಂಟಲಿಗೆ ಹೋಗುವ ಬಿಸಿ ಎಷ್ಟಿರಬಹುದು ನೀವೇ ಲೆಕ್ಕ ಹಾಕಿ. ಎರಡು ಲೋಟ ಇಟ್ಟುಕೊಂಡು ನಾಲ್ಕೈದು ಸಲ ಎತ್ತಿ ಹೊಯ್ದು ಆರಿಸಿ ಕೊಡಿ. ಸ್ಟೀಲ್ ಲೋಟವನ್ನು ಸೆರಗಿಲ್ಲದೆ ಬರಿಗೈಲಿ ಆರಾಮವಾಗಿ ಹಿಡಿಯಲು ಆದರೆ ಮಾತ್ರ ಕುಡಿಯಲಿ. ಗಂಟಲು ನೋವಿಗೆ ಹಿತವಾಗಲೂ ಅಷ್ಟು ಬಿಸಿ ಸಾಕು.

ನಿಮ್ಮ ಪತ್ರದಲ್ಲಿ ನನಗೆ ಕಷಾಯಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದ್ದು ಕಡ್ಡಿಪುಡಿ. ಅದು ಹೊಗೆಸೊಪ್ಪು. ಬಾಯಿ, ಅನ್ನನಾಳ ಎರಡಕ್ಕೂ ಕ್ಯಾನ್ಸರ್ ತರುತ್ತದೆ, ಇದರಲ್ಲಿ ಅನುಮಾನವೇ ಇಲ್ಲ. ಬರೀ ಅಡಿಕೆಯೂ ಕ್ಯಾನ್ಸರ್ ತರುವ ಪಟ್ಟಿಯಲ್ಲಿದೆ. ನಮ್ಮ ಕಡೆ ಬಾಳೆಎಲೆ ಊಟ ತಾಂಬೂಲವಿಲ್ಲದೆ ಮುಗಿಯುವುದಿಲ್ಲ, ನನಗೂ ಗೊತ್ತು. ಆದರೂ ಇದನ್ನು ಬಿಡಿಸಲೇಬೇಕು. ಒಂದೇ ದಿನಕ್ಕೆ ಆಗದಿದ್ದರೆ ಮೊದಲು ಕಡ್ಡಿಪುಡಿ ನಿಲ್ಲಲಿ. ಊಟ ಆದ ಮೇಲೆ ಸೋಂಪು ಕೊಡಿ.

ಆಸ್ಪತ್ರೆಯಲ್ಲಿ "ಗ್ಯಾಸ್" ಅನ್ನಬೇಡಿ. "ಮುದ್ದೆ ಇಳಿಯುತ್ತಿಲ್ಲ, ಎರಡು ತಿಂಗಳಾಯಿತು" ಅನ್ನಿ. ತೂಕ ಇಳಿದಿದೆಯಾ, ದನಿ ಒಡೆದಿದೆಯಾ, ಕಪ್ಪಗೆ ಭೇದಿ ಆಗಿದೆಯಾ ಅಂತ ಅತ್ತೆಯನ್ನು ಮೊದಲೇ ಕೇಳಿಕೊಂಡು ಹೋಗಿ. ರವಿಕೆ ಸಡಿಲವಾಗಿದ್ದರೆ ಅದನ್ನೂ ಹೇಳಿ. ಎಂಡೋಸ್ಕೋಪಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸುತ್ತಾರೆ, ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಅತ್ತೆ ಭಯಪಟ್ಟರೆ ಇದನ್ನೇ ಹೇಳಿ, ಜೊತೆಗೇ ಇರಿ.