ಹಡಗಿನಲ್ಲಿ ಹನಿಮೂನ್: ಮಾತ್ರೆ ನುಂಗಬೇಕಾದ್ದು ಹೊಟ್ಟೆ ತೊಳೆಸುವ ಮೊದಲು

ಕ್ರೂಸ್ ಹಡಗಿನಲ್ಲಿ ಹನಿಮೂನ್‌ಗೆ ಹೊರಟವರು ನನಗೆ ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಹಡಗಿನ ವಾಂತಿಯ ಬಗ್ಗೆ ಒಂದೇ ಪ್ರಶ್ನೆಯ ಬೇರೆ ಬೇರೆ ರೂಪ. ಎಷ್ಟು ಸಲ ಬರೆದರೂ ಮತ್ತೆ ಅದೇ ತಪ್ಪು ಕಲ್ಪನೆ, ಅದೇ ತಪ್ಪು ಮಾತ್ರೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಪಾಸ್‌ಪೋರ್ಟ್, ವೀಸಾ, ಬಟ್ಟೆಬರೆ ಬಗ್ಗೆ ಕೇಳಿದವರು ಟ್ರಾವೆಲ್ ಏಜೆಂಟರನ್ನು ಕೇಳಿ. ನಾನು ವೈದ್ಯ.

ಪ್ರಶ್ನೆ: ಮುಂದಿನ ತಿಂಗಳು ನಮ್ಮ ಮದುವೆ, ಆಮೇಲೆ ಒಂದು ವಾರ ಕ್ರೂಸ್. ನಾನು ಮದುವೆಯಾಗುವ ಹುಡುಗಿಗೆ ಕಾರು, ಬಸ್ಸು ಹತ್ತಿದರೇ ವಾಂತಿ. ದೊಡ್ಡ ಹಡಗು ಅಲುಗಾಡುವುದೇ ಇಲ್ಲ, ಇದೆಲ್ಲ ಮನಸ್ಸಿನ ಭಯ ಎಂದು ಸ್ನೇಹಿತರು ಹೇಳುತ್ತಾರೆ. ವಾಂತಿ ಬಂದರೆ ಕೊಡೋಣ ಎಂದು ಒಂಡಾನ್ಸೆಟ್ರಾನ್ ಮಾತ್ರೆ ಇಟ್ಟುಕೊಂಡಿದ್ದೇನೆ. ಸಾಕಲ್ವಾ?

ಸಾಲದು. ಸ್ನೇಹಿತರು ಹೇಳಿದ ಎರಡೂ ಮಾತು ತಪ್ಪು, ನೀವು ಇಟ್ಟುಕೊಂಡ ಮಾತ್ರೆಯೂ ತಪ್ಪು.

ಮೊದಲು ಹಡಗಿನ ವಿಷಯ. ದೊಡ್ಡ ಹಡಗುಗಳ ಎರಡೂ ಪಕ್ಕದಲ್ಲಿ ನೀರಿನೊಳಗೆ ರೆಕ್ಕೆಯಂಥ ಸ್ಟೆಬಿಲೈಜರ್‌ಗಳಿರುತ್ತವೆ. ಅವು ಎಡಕ್ಕೂ ಬಲಕ್ಕೂ ವಾಲುವುದನ್ನು ಚೆನ್ನಾಗಿ ತಗ್ಗಿಸುತ್ತವೆ. ಆದರೆ ಮೂತಿ ಏಳುವುದು, ಹಿಂಭಾಗ ಇಳಿಯುವುದು ಇದೆಯಲ್ಲ, ಅದನ್ನು ತಡೆಯುವುದು ಅವುಗಳಿಂದ ಆಗುವುದಿಲ್ಲ. ಸಮುದ್ರ ಶಾಂತವಾಗಿದ್ದರೆ ಏನೂ ಗೊತ್ತಾಗದೆ ಇರಬಹುದು, ಗಾಳಿ ಎದ್ದರೆ ಎಷ್ಟೇ ದೊಡ್ಡ ಹಡಗಾದರೂ ಏರಿಳಿಯುತ್ತದೆ. ಅದರಲ್ಲೂ ಐದಾರು ಸೆಕೆಂಡಿಗೊಮ್ಮೆ ನಿಧಾನವಾಗಿ ಏರಿ ಇಳಿಯುವ ಚಲನೆಯೇ ಮನುಷ್ಯನ ಹೊಟ್ಟೆಯನ್ನು ಅತಿ ಹೆಚ್ಚು ಕೆಡಿಸುವುದು.

ಇನ್ನು ಮನಸ್ಸಿನ ಭಯದ ಮಾತು. ನಮ್ಮ ಒಳಕಿವಿಯಲ್ಲಿ ದೇಹದ ಚಲನೆ ಅಳೆಯುವ ಮೂರು ಅರ್ಧವೃತ್ತದ ನಾಳಗಳಿವೆ, ಮೇಲೆ ಕೆಳಗೆ ಆಗುವುದನ್ನು ತಿಳಿಯುವ ಸಣ್ಣ ಹರಳುಗಳಿವೆ. ಕ್ಯಾಬಿನ್ ಒಳಗೆ ಕೂತಾಗ ಕಣ್ಣಿಗೆ ಗೋಡೆ ಅಲುಗದೆ ನಿಂತಂತೆ ಕಾಣುತ್ತದೆ, ಒಳಕಿವಿ ಮಾತ್ರ ನಾವು ಏರಿಳಿಯುತ್ತಿದ್ದೇವೆ ಎಂದು ಹೇಳುತ್ತದೆ. ಎರಡೂ ಹೊಂದದಿದ್ದಾಗ ಮಿದುಳು ವಾಂತಿಯ ಕಡೆಗೆ ತಿರುಗುತ್ತದೆ. ಎರಡೂ ಕಿವಿಯ ಈ ಭಾಗ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ಎಂಥ ಅಲೆಯಲ್ಲೂ ವಾಂತಿ ಆಗುವುದಿಲ್ಲ. ಧೈರ್ಯಕ್ಕೂ ಇದಕ್ಕೂ ಏನು ಸಂಬಂಧ? ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್‌ಗೆ ಜೀವನಪೂರ್ತಿ ಈ ಕಾಟ ಇತ್ತು. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಪ್ರಪಂಚ ಸುತ್ತಿದ ಡಾರ್ವಿನ್ ಕೊನೆಯವರೆಗೂ ನರಳಿದರು. ಮೈಗ್ರೇನ್ ಇರುವವರಿಗೆ, ಹೆಂಗಸರಿಗೆ, ಅದರಲ್ಲೂ ಗರ್ಭಿಣಿಯರಿಗೆ ಇದು ಸ್ವಲ್ಪ ಜಾಸ್ತಿ. ಹುಡುಗಿಯ ಮುಂದೆ ದಯವಿಟ್ಟು ಭಯ, ನಾಟಕ ಎಂಬ ಪದ ತರಬೇಡಿ.

ಈಗ ಮಾತ್ರೆ. ನನಗೆ ಸಿಟ್ಟು ಬರುವುದು ಇಲ್ಲೇ. ಒಂಡಾನ್ಸೆಟ್ರಾನ್ ಒಳ್ಳೆಯ ಔಷಧಿ, ಕೀಮೋಥೆರಪಿಯ ವಾಂತಿಗೆ, ಹೊಟ್ಟೆ ಸೋಂಕಿನ ವಾಂತಿಗೆ ನಾನೂ ಬರೆದು ಕೊಡುತ್ತೇನೆ. ಆದರೆ ಪ್ರಯಾಣದ ವಾಂತಿ ಹುಟ್ಟುವ ದಾರಿ ಬೇರೆ, ಅದನ್ನು ಈ ಮಾತ್ರೆ ತಡೆಯುವುದಿಲ್ಲ. ಅಲರ್ಜಿಗೆ ಕೊಡುವ ಸಿಟ್ರಿಜಿನ್‌ನಂಥ ನಿದ್ದೆ ಬರಿಸದ ಮಾತ್ರೆಗಳೂ ಇದಕ್ಕೆ ಉಪಯೋಗವಿಲ್ಲ. ಕೆಲಸ ಮಾಡುವುದು ಹಳೆಯ, ಸ್ವಲ್ಪ ನಿದ್ದೆ ತರುವ ಔಷಧಿಗಳೇ: ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್, ಸಿನ್ನಾರಿಜಿನ್, ಪ್ರೊಮೆಥಾಜಿನ್. ಇಲ್ಲವೇ ಕಿವಿಯ ಹಿಂದೆ ಅಂಟಿಸುವ ಸ್ಕೋಪೋಲಮಿನ್ ಪ್ಯಾಚ್.

ಯಾವುದೇ ಆದರೂ ಹಡಗು ಹೊರಡುವ ಮೊದಲೇ ತಗೊಳ್ಳಬೇಕು. ಡೈಮೆನ್‌ಹೈಡ್ರಿನೇಟ್ ಅರ್ಧದಿಂದ ಒಂದು ಗಂಟೆ ಮೊದಲು, ಮೆಕ್ಲಿಜಿನ್ ಒಂದು ಗಂಟೆ ಮೊದಲು, ಸಿನ್ನಾರಿಜಿನ್ ಎರಡು ಗಂಟೆ ಮೊದಲು, ಪ್ಯಾಚ್ ಕನಿಷ್ಠ ನಾಲ್ಕು ಗಂಟೆ ಮೊದಲು. ಬಂದ ಮೇಲೆ ನೋಡಿಕೊಳ್ಳೋಣ ಎನ್ನುವವರು ಒಂದು ವಿಷಯ ತಿಳಿದುಕೊಳ್ಳಿ: ಹೊಟ್ಟೆ ತೊಳೆಸಲು ಶುರುವಾದರೆ ಜಠರ ಖಾಲಿಯಾಗುವುದೇ ನಿಧಾನವಾಗುತ್ತದೆ, ನುಂಗಿದ ಮಾತ್ರೆ ರಕ್ತ ಸೇರದೆ ಅಲ್ಲೇ ಕೂರುತ್ತದೆ, ಆಮೇಲೆ ವಾಂತಿಯ ಜೊತೆ ಹೊರಗೆ ಬರುತ್ತದೆ.

ಪ್ಯಾಚ್ ಮೂರು ದಿನ ಕೆಲಸ ಮಾಡುತ್ತದೆ, ಅದೇ ಅದರ ದೊಡ್ಡ ಅನುಕೂಲ. ಆದರೆ ಬಾಯಿ ಒಣಗುತ್ತದೆ, ಕಣ್ಣು ಮಂಜಾಗಬಹುದು. ಗ್ಲುಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು, ಮೂತ್ರ ಕಟ್ಟಿಕೊಳ್ಳುವ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಅಂಟಿಸಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ತೊಳೆಯದೆ ಕಣ್ಣುಜ್ಜಿಕೊಂಡರೆ ಆ ಕಣ್ಣಿನ ಪಾಪೆ ದೊಡ್ಡದಾಗಿ, ಮಿದುಳಿಗೆ ಏನೋ ಆಗಿದೆ ಎಂದು ಇಬ್ಬರೂ ಹೆದರುತ್ತೀರಿ.

ಯಾವ ಮಾತ್ರೆ ಒಗ್ಗುತ್ತದೆ ಎಂದು ಮನೆಯಲ್ಲೇ, ಗಾಡಿ ಓಡಿಸುವ ಕೆಲಸವಿಲ್ಲದ ಒಂದು ದಿನ ನೋಡಿಕೊಳ್ಳಿ. ಕೆಲವರು ಒಂದೇ ಮಾತ್ರೆಗೆ ಅರ್ಧ ದಿನ ಮಲಗುತ್ತಾರೆ. ಇದರ ಜೊತೆ ಮದ್ಯ ಬೇಡವೇ ಬೇಡ, ಎರಡೂ ಸೇರಿದರೆ ಮಂಪರು ಹೆಚ್ಚಾಗಿ ಮೆಟ್ಟಿಲಲ್ಲಿ ಬೀಳುವವರಿದ್ದಾರೆ. ಕ್ಯಾಬಿನ್ ಇನ್ನೂ ಆರಿಸಿಲ್ಲವಾದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ, ಕಿಟಕಿ ಇರುವುದನ್ನು ಹಿಡಿಯಿರಿ. ಮಕ್ಕಳ ಆಟದ ಸೀ-ಸಾ ಹಲಗೆಯ ನಡುವೆ ಕೂತವನಿಗೆ ತುದಿಯಲ್ಲಿ ಕೂತವನಷ್ಟು ಏರಿಳಿತ ಇರುವುದಿಲ್ಲ, ಅಷ್ಟೇ ಲೆಕ್ಕ. ಹನಿಮೂನ್ ಅಂತ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವ ಕ್ಯಾಬಿನ್ ಕೊಡಿಸುತ್ತಾರೆ, ನಿಮ್ಮವರಿಗೆ ಅದೇ ಅತಿ ಕೆಟ್ಟ ಜಾಗ. ತೊಂದರೆ ಶುರುವಾದರೆ ಡೆಕ್‌ಗೆ ಬಂದು ಆಕಾಶ ನೀರು ಸೇರುವ ಗೆರೆಯನ್ನೇ ನೋಡಿ, ಆಗದಿದ್ದರೆ ಕಣ್ಣು ಮುಚ್ಚಿ ಅಂಗಾತ ಮಲಗಿ. ಫೋನು ನೋಡುತ್ತಾ ಕೂರುವುದು ಮಾತ್ರ ಬೇಡ. ಹೊಟ್ಟೆ ಖಾಲಿ ಇಡುವುದೂ ತಪ್ಪು, ಬಿರಿಯುವಂತೆ ತಿನ್ನುವುದೂ ತಪ್ಪು.

ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಮಿದುಳು ಹೊಂದಿಕೊಳ್ಳುತ್ತದೆ. ಮೊದಲ ದಿನವೇ ಹನಿಮೂನ್ ಹಾಳಾಯಿತು ಎಂದು ಮುಖ ಊದಿಸಿಕೊಳ್ಳಬೇಡಿ. ಆದರೆ ನೀರು ಕೂಡ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾದರೆ ಹಡಗಿನ ವೈದ್ಯರ ಹತ್ತಿರ ಹೋಗಿ, ಅಲ್ಲಿ ಇಂಜೆಕ್ಷನ್ ಇರುತ್ತದೆ. ಆ ಖರ್ಚು ಸಾಮಾನ್ಯವಾಗಿ ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ, ಪ್ರಯಾಣ ವಿಮೆ ಮಾಡಿಸಿಯೇ ಹತ್ತಿ.

ಗರ್ಭನಿರೋಧಕ ಮಾತ್ರೆ ತಗೊಳ್ಳುವವರು ಇದನ್ನು ಎರಡು ಸಲ ಓದಿ. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಆ ಮಾತ್ರೆ ಲೆಕ್ಕಕ್ಕಿಲ್ಲ, ಇನ್ನೊಂದು ತಗೊಳ್ಳಬೇಕು. ವಾಂತಿ ಒಂದು ದಿನಕ್ಕಿಂತ ಜಾಸ್ತಿ ಎಳೆದರೆ ಅಷ್ಟು ದಿನವೂ, ನಿಂತ ಮೇಲೆ ಇನ್ನೂ ಏಳು ದಿನವೂ ಕಾಂಡೋಮ್ ಬಳಸಿ.

ಕೊನೆಗೆ, ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವ ವಿಷಯ. ಹೊಸ ಗಂಡನಿಗೆ, ಹೊಸ ಹೆಂಡತಿಗೆ ಗೊತ್ತಾಗಬಾರದು ಎಂದು ಫಿಟ್ಸ್, ಆಸ್ತಮಾ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಯಲ್ಲೇ ಬಿಟ್ಟು ಹಡಗು ಹತ್ತುವವರಿದ್ದಾರೆ. ದಡ ಬಿಟ್ಟ ಮೇಲೆ ಪಕ್ಕದ ಬೀದಿಯ ಔಷಧಿ ಅಂಗಡಿ ಇರುವುದಿಲ್ಲ. ನಿಮ್ಮ ಕಾಯಿಲೆ ಏನು, ಮಾತ್ರೆ ಯಾವುದು ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳಿ, ಹತ್ತುವ ಮೊದಲೇ. ಹೆಂಡತಿ ಏನು ನುಂಗುತ್ತಾಳೆ ಎಂದು ಗೊತ್ತಿಲ್ಲದ ಗಂಡ ಹಡಗಿನ ವೈದ್ಯರಿಗೆ ಏನು ಹೇಳಿಯಾನು? ಔಷಧಿ ಎಲ್ಲವೂ ಕೈಚೀಲದಲ್ಲೇ ಇರಲಿ. ದೊಡ್ಡ ಸೂಟ್‌ಕೇಸು ಕ್ಯಾಬಿನ್ ತಲುಪುವುದು ಎಷ್ಟೋ ಗಂಟೆ ಆದ ಮೇಲೆ, ಅಷ್ಟರಲ್ಲಿ ಹಡಗು ಹೊರಟೇ ಹೋಗಿರಬಹುದು.

ಪ್ರಶ್ನೆ: ಮಣಿಕಟ್ಟಿನ ಬ್ಯಾಂಡ್, ಆಯಸ್ಕಾಂತ, ಆನ್‌ಲೈನ್‌ನಲ್ಲಿ ಸಿಗುವ ಬ್ಯಾಲೆನ್ಸ್ ಹನಿ?

ಬ್ಯಾಂಡ್‌ಗೆ ಗಟ್ಟಿ ಪುರಾವೆ ಇಲ್ಲ, ಕಟ್ಟಿಕೊಂಡರೆ ತೊಂದರೆಯೂ ಇಲ್ಲ. ಶುಂಠಿ ಕೆಲವರಿಗೆ ಸ್ವಲ್ಪ ಸಹಾಯ ಮಾಡುತ್ತದೆ. ಆಯಸ್ಕಾಂತ, ಹನಿ ಮಾರುವವರು ನಿಮ್ಮ ದುಡ್ಡಿಗೆ ಕೂತಿದ್ದಾರೆ, ಅದರಲ್ಲಿ ಏನಿದೆ ಎಂದು ಬರೆದಿರದ ಬಾಟಲಿಯನ್ನು ಬಾಯಿಗೆ ಹಾಕಬೇಡಿ.

ಪ್ರಶ್ನೆ: ಗಂಡಸರಿಗೆ ಹಡಗಿನ ವಾಂತಿ ಬರುವುದಿಲ್ಲವಂತೆ?

ಬರುತ್ತದೆ.

ಪ್ರಶ್ನೆ: ಹನಿಮೂನ್‌ಗೆಂದು ಪುರುಷರ ಶಕ್ತಿಯ ಗಿಡಮೂಲಿಕೆ ಕ್ಯಾಪ್ಸೂಲ್ ತರಿಸಿದ್ದೇನೆ. ತಗೊಳ್ಳಬಹುದಾ?

ಎಸೆಯಿರಿ. ಇಂಥ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಹೇಳದೆ ಸಿಲ್ಡೆನಾಫಿಲ್, ಅಂದರೆ ವಯಾಗ್ರಾದಲ್ಲಿರುವ ಔಷಧಿ, ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಹೃದಯಕ್ಕೆ ನೈಟ್ರೇಟ್ ಮಾತ್ರೆ ತಗೊಳ್ಳುವವರಿಗೆ ಅದರಿಂದ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಮುಟ್ಟು ಮುಂದೂಡಲು ಸ್ನೇಹಿತೆಯ ನೊರೆಥಿಸ್ಟೆರಾನ್ ಮಾತ್ರೆ ತಗೊಳ್ಳಲೇ?

ಸ್ನೇಹಿತೆಯದು ಬೇಡ. ನಿಮಗೋ ಮನೆಯವರಿಗೋ ರಕ್ತ ಹೆಪ್ಪುಗಟ್ಟಿದ್ದುಂಟೇ ಎಂದು ಕೇಳಿಯೇ ವೈದ್ಯರು ಕೊಡಬೇಕಾದ ಔಷಧಿ ಅದು. ಮುಟ್ಟಿನ ದಿನಕ್ಕೆ ಮೂರು ದಿನ ಮೊದಲು ಶುರು ಮಾಡಬೇಕು. ಅದನ್ನು ಗರ್ಭನಿರೋಧಕ ಎಂದು ನಂಬಬೇಡಿ.

ಪ್ರಶ್ನೆ: ಹಡಗಿನಲ್ಲಿ ವಾಂತಿ ಭೇದಿ ಹರಡುತ್ತದಂತೆ. ಸ್ಯಾನಿಟೈಜರ್ ಒಯ್ದರೆ ಸಾಕಾ?

ಸಾಲದು. ಹೆಚ್ಚಾಗಿ ಅದು ನೊರೊವೈರಸ್, ಆಲ್ಕೋಹಾಲ್ ಜೆಲ್‌ಗೆ ಸರಿಯಾಗಿ ಬಗ್ಗುವುದಿಲ್ಲ. ಊಟಕ್ಕೆ ಮೊದಲು, ಶೌಚಾಲಯದ ನಂತರ ಸೋಪು ನೀರು. ಭೇದಿ ಶುರುವಾದರೆ ಅದು ಅಲೆಯ ವಾಂತಿಯಲ್ಲ, ಮುಚ್ಚಿಡದೆ ಸಿಬ್ಬಂದಿಗೆ ಹೇಳಿ. ಕ್ಯಾಬಿನ್‌ನಲ್ಲೇ ಇರಿಸುತ್ತಾರೆ ಎಂದು ಅಡಗಿಸಿಟ್ಟರೆ ಮೊದಲು ಅಂಟುವುದು ನಿಮ್ಮ ಜೊತೆಗಿರುವವರಿಗೇ.

ಪ್ರಶ್ನೆ: ಮನೆಗೆ ಬಂದರೂ ನೆಲ ತೂಗಿದಂತಿದೆ.

ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಹೋಗುತ್ತದೆ. ವಾರಗಟ್ಟಲೆ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮದುವೆಯಾದ ವಾರದಲ್ಲೇ ಮೂತ್ರ ಉರಿ, ಪದೇ ಪದೇ ಹೋಗಬೇಕು ಅನ್ನಿಸುತ್ತದೆ. ಗಂಡ ಅನುಮಾನದಿಂದ ನೋಡುತ್ತಿದ್ದಾರೆ.

ಅನುಮಾನಕ್ಕೆ ಕಾರಣವೇ ಇಲ್ಲ, ಈ ಉತ್ತರವನ್ನು ಅವರಿಗೂ ಓದಿಸಿ. ಹೊಸದಾಗಿ ಸಂಭೋಗ ಶುರುವಾದಾಗ ಹೆಂಗಸರಿಗೆ ಮೂತ್ರದ ಸೋಂಕು ಬರುವುದು ತುಂಬಾ ಸಾಮಾನ್ಯ. ನಿಮ್ಮದೇ ಕರುಳಿನ ಬ್ಯಾಕ್ಟೀರಿಯಾ ಮೂತ್ರಕೋಶ ಸೇರುವುದರಿಂದ ಆಗುವುದು ಇದು. ಪರೀಕ್ಷೆ ಮಾಡಿಸಿ, ಕೊಟ್ಟ ಆಂಟಿಬಯೋಟಿಕ್ ಪೂರ್ತಿ ಮುಗಿಸಿ, ನೀರು ಚೆನ್ನಾಗಿ ಕುಡಿಯಿರಿ, ಸಂಭೋಗದ ನಂತರ ಮೂತ್ರಕ್ಕೆ ಹೋಗುವುದನ್ನು ರೂಢಿ ಮಾಡಿಕೊಳ್ಳಿ. ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು ಬಂದರೆ ಮುಂದಿನ ಬಂದರಿಗೆ ಕಾಯಬೇಡಿ, ಆಗಲೇ ಹಡಗಿನ ವೈದ್ಯರನ್ನು ಕಾಣಿ.