ನೋಟ್‌ಬುಕ್ಕಿನ ಮೂಲೆಯಲ್ಲಿ ಓಡುವ ನಾಯಿ

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ, ಆರನೇ ತರಗತಿ. ಗಣಿತದ ನೋಟ್‌ಬುಕ್ಕಿನ ಪ್ರತಿ ಹಾಳೆಯ ಮೂಲೆಯಲ್ಲೂ ಒಂದೊಂದು ನಾಯಿ ಬರೆದಿಟ್ಟಿದ್ದಾನೆ. ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಟ್ಟರೆ ಆ ನಾಯಿ ಓಡುತ್ತದೆ. ಇದಕ್ಕಾಗಿ ಶಾಲೆಯಲ್ಲಿ ಬೈಸಿಕೊಂಡು ಬಂದ. ‘ದೊಡ್ಡವನಾದ ಮೇಲೆ ಅನಿಮೇಷನ್ ಮಾಡುತ್ತೇನೆ, ಈಗ ಟ್ಯಾಬ್ ಕೊಡಿಸಿ’ ಎಂದು ಹಟ ಹಿಡಿದಿದ್ದಾನೆ. ಅವನ ಅಪ್ಪನಿಗೆ ಇದೆಲ್ಲ ಓದು ತಪ್ಪಿಸುವ ಉಪಾಯದಂತೆ ಕಾಣುತ್ತದೆ. ನಮ್ಮ ಮನೆತನದಲ್ಲಿ ಚಿತ್ರ ಬರೆಯುವವರು ಯಾರೂ ಇಲ್ಲ. ನಾವು ಏನು ಮಾಡಬೇಕು?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಮೊದಲು ಆ ನೋಟ್‌ಬುಕ್ಕನ್ನು ಜೋಪಾನವಾಗಿ ಎತ್ತಿಡಿ. ವರ್ಷ ಮುಗಿಯಿತೆಂದು ಹಳೇ ಪೇಪರಿನವರಿಗೆ ತೂಕಕ್ಕೆ ಹಾಕಬೇಡಿ. ನಿಮ್ಮ ಮಗನ ಕೈಯಲ್ಲಿರುವುದು ಫ್ಲಿಪ್ ಬುಕ್. 1868ರಲ್ಲಿ ಜಾನ್ ಬಾರ್ನ್ಸ್ ಲಿನೆಟ್ ಎಂಬ ಇಂಗ್ಲೆಂಡಿನ ಮುದ್ರಕ ಇದಕ್ಕೆ ಪೇಟೆಂಟ್ ಪಡೆದಿದ್ದ. ಸಿನಿಮಾ ಹುಟ್ಟುವುದಕ್ಕೆ ಆಗ ಇನ್ನೂ ಕಾಲು ಶತಮಾನ ಬಾಕಿಯಿತ್ತು. ನಿಮ್ಮ ಹುಡುಗ ಇದನ್ನು ತಾನೇ ಕಂಡುಕೊಂಡನೋ ಗೆಳೆಯನಿಂದ ಕಲಿತನೋ, ಎರಡೂ ಒಂದೇ. ಮುಂದಿನ ಹಾಳೆಯಲ್ಲಿ ನಾಯಿಯ ಕಾಲು ಎಲ್ಲಿರಬೇಕು ಎಂದು ಅವನು ಪ್ರತಿ ಸಲವೂ ಯೋಚಿಸಿದ್ದಾನೆ. ಅನಿಮೇಷನ್ ಎಂದರೆ ಆ ಯೋಚನೆಯೇ.

ಮನೆಯಲ್ಲಿ ಚಿತ್ರ ಬರೆಯುವವರು ಇಲ್ಲದಿರುವುದು ಕೊರತೆಯೇ ಅಲ್ಲ. ಅವನಿಗೆ ಈಗ ಗುರುವಿಗಿಂತ ಹೆಚ್ಚಾಗಿ ಬೇಕಾಗಿರುವುದು ಗಮನವಿಟ್ಟು ನೋಡುವ ಒಬ್ಬ ಪ್ರೇಕ್ಷಕ. ಅವನು ತೋರಿಸಲು ಬಂದಾಗ ಒಲೆ ಸಣ್ಣಗೆ ಮಾಡಿ, ಕೂತು ನೋಡಿ, ಇನ್ನೊಂದು ಸಲ ತೋರಿಸು ಎನ್ನಿ. ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಕಳಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಈ ನಾಯಿ ಯಾಕೆ ಓಡುತ್ತಿದೆ? ಹೆದರಿದೆಯೋ, ಯಾರನ್ನಾದರೂ ಅಟ್ಟಿಸಿಕೊಂಡು ಹೋಗುತ್ತಿದೆಯೋ?’ ಎಂದು ಕೇಳಿ ನೋಡಿ. ಹೆದರಿದ ನಾಯಿಯ ಬಾಲ ಬೇರೆ, ಅಟ್ಟಿಸಿಕೊಂಡು ಹೋಗುವ ನಾಯಿಯ ಬಾಲ ಬೇರೆ. ಆ ಒಂದು ಪ್ರಶ್ನೆಯಿಂದ ಅವನು ಇಡೀ ಓಟವನ್ನು ಮತ್ತೆ ಬರೆಯಬಹುದು. ಇನ್ನೊಂದು ಮಾತು. ನೆಂಟರು ಬಂದಾಗ ‘ನಿನ್ನ ನಾಯಿ ತೋರಿಸು’ ಎಂದು ಕರೆಯಬೇಡಿ. ತೋರಿಸಬೇಕೆನ್ನಿಸಿದರೆ ಅವನೇ ತರುತ್ತಾನೆ.

ನಿಮ್ಮ ಬೀದಿಯಲ್ಲಿ ನಾಯಿಗಳಿಗೇನೂ ಬರವಿರಲಾರದು. ನಿಮ್ಮ ಮೊಬೈಲಿನಲ್ಲಿ ಸ್ಲೋ ಮೋಷನ್ ಇದ್ದರೆ, ಓಡುವ ಒಂದು ನಾಯಿಯನ್ನು ಸುರಕ್ಷಿತ ದೂರದಿಂದ ಚಿತ್ರೀಕರಿಸಿ, ಇಬ್ಬರೂ ಕೂತು ತಡೆತಡೆದು ನೋಡಿ. ನಾಲ್ಕೂ ಕಾಲು ನೆಲ ಬಿಡುವ ಗಳಿಗೆ ಯಾವುದು? ಕುದುರೆಯ ವಿಷಯದಲ್ಲಿ ಈ ಪ್ರಶ್ನೆ ಒಂದು ಕಾಲಕ್ಕೆ ದೊಡ್ಡ ಚರ್ಚೆಯಾಗಿತ್ತು. ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿಕೊಂಡು ತೇಲುವಂತೆ ಚಿತ್ರಕಾರರು ಕುದುರೆಯನ್ನು ಬರೆಯುತ್ತಲೇ ಬಂದಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯ ಚಿತ್ರ ತೆಗೆದಾಗ ನಿಜ ಗೊತ್ತಾಯಿತು: ಕುದುರೆ ಪೂರ್ತಿ ಗಾಳಿಯಲ್ಲಿರುವುದು ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಿರುವಾಗ. ಈ ಕಥೆಯನ್ನು ಮಗನಿಗೆ ಹೇಳಿ. ಎಲ್ಲರೂ ತಪ್ಪಾಗಿ ಕಂಡಿದ್ದನ್ನು ತಾನು ಸರಿಯಾಗಿ ನೋಡಬಹುದು ಎಂಬ ಆಸೆ ಹನ್ನೊಂದರ ವಯಸ್ಸಿಗೆ ಬಹಳ ರುಚಿಸುತ್ತದೆ.

ನಾಯಿಗಿಂತ ಮೊದಲು ಚೆಂಡು ಬರೆಯಲಿ. ಬಹಳಷ್ಟು ಅನಿಮೇಷನ್ ಶಾಲೆಗಳಲ್ಲಿ ಪಾಠ ಪುಟಿಯುವ ಚೆಂಡಿನಿಂದ ಶುರುವಾಗುತ್ತದೆ, ಅದಕ್ಕೆ ಕಾರಣವಿದೆ. ಚೆಂಡು ಮೇಲೇರಿ ನಿಧಾನವಾಗುವಲ್ಲಿ ಚಿತ್ರಗಳು ಒತ್ತೊತ್ತಾಗಿ ಬರಬೇಕು. ಕೆಳಗೆ ರಭಸವಾಗಿ ಬೀಳುವಲ್ಲಿ ದೂರ ದೂರ. ನೆಲ ತಾಗಿದಾಗ ಒಂದೇ ಒಂದು ಚಿತ್ರದಲ್ಲಿ ಅದು ಕೊಂಚ ಚಪ್ಪಟೆಯಾಗಬೇಕು. ಅಂತರ ಒಂದೇ ಸಮ ಇಟ್ಟರೆ ಚೆಂಡು ಪುಟಿಯುವುದಿಲ್ಲ, ದಾರಕ್ಕೆ ಕಟ್ಟಿ ಯಾರೋ ಎಳೆದಂತೆ ಕಾಣುತ್ತದೆ. ಹಾಗೆಯೇ ರಬ್ಬರ್ ಚೆಂಡು, ಕ್ರಿಕೆಟ್ ಚೆಂಡು, ನೀರು ತುಂಬಿದ ಬಲೂನು, ಮೂರನ್ನೂ ಬರೆಯಲು ಹೇಳಿ. ಮೂರಕ್ಕೂ ಬರೆಯುವುದು ವೃತ್ತವನ್ನೇ. ಭಾರ ಮಾತ್ರ ಬೇರೆ. ಆ ಭಾರ ಕಣ್ಣಿಗೆ ಕಾಣುವಂತೆ ಮಾಡಿದ ದಿನ ಅವನು ಸಿಹಿ ತಿನ್ನಲು ಅರ್ಹ.

ಹಿಂದಿನ ಹಾಳೆ ಕಾಣದೆ ಮುಂದಿನದನ್ನು ಬರೆಯುವುದು ಕಷ್ಟ. ಅದಕ್ಕೆ ಲೈಟ್ ಬಾಕ್ಸ್ ಬೇಕು. ಎರಡು ಪುಸ್ತಕದ ಗುಡ್ಡೆಗಳ ಮೇಲೆ ಅಂಚು ನಯಗೊಳಿಸಿದ ದಪ್ಪ ಗಾಜನ್ನೋ ಅಕ್ರಿಲಿಕ್ ಹಲಗೆಯನ್ನೋ ಇಟ್ಟು, ಕೆಳಗೊಂದು ಎಲ್‌ಇಡಿ ಟಾರ್ಚ್ ಹಚ್ಚಿದರೆ ಕೆಲಸ ಆಗುತ್ತದೆ. ಇದನ್ನು ಅವನ ಅಪ್ಪನ ಕೈಯಲ್ಲಿ ಮಾಡಿಸಿ. ಅವರಿಗಿರುವ ಅನುಮಾನಕ್ಕೆ ನಾನು ಕೊಡುವ ಯಾವ ಉತ್ತರಕ್ಕಿಂತಲೂ ಆ ಒಂದು ಸಂಜೆ ಹೆಚ್ಚು ಕೆಲಸ ಮಾಡುತ್ತದೆ.

ಮುಂದಿನ ಹೆಜ್ಜೆ ಸ್ಟಾಪ್ ಮೋಷನ್. ಮೊಬೈಲನ್ನು ಒಂದು ಚೊಂಬಿಗೆ ಒರಗಿಸಿ, ಅಲುಗಾಡದಂತೆ ಬಿಗಿ ಮಾಡಿ. ಮೇಜಿನ ಮೇಲೆ ಹತ್ತು ಅವರೆಕಾಳು ಸಾಲಾಗಿ ಇಡಿ. ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರಗಳು ಓಡುತ್ತವೆ. ಆದರೆ ಒಂದು ಚಿತ್ರವನ್ನು ಎರಡು ಫ್ರೇಮಿನಷ್ಟು ಹೊತ್ತು ನಿಲ್ಲಿಸಿದರೂ ಕಣ್ಣು ಒಪ್ಪುತ್ತದೆ, ವೃತ್ತಿಪರರೂ ಹಾಗೆ ಮಾಡುತ್ತಾರೆ. ಅಂದರೆ ಸೆಕೆಂಡಿಗೆ 12 ಫೋಟೋ, ಐದು ಸೆಕೆಂಡಿನ ಅವರೆಕಾಳಿನ ಮೆರವಣಿಗೆಗೆ 60 ಫೋಟೋ. ಇವನ್ನು ಜೋಡಿಸಿ ಓಡಿಸುವ ಉಚಿತ ಆ್ಯಪ್‌ಗಳು ಸಾಕಷ್ಟಿವೆ. ಮೊದಲ ಸಲ ಎಲ್ಲರಿಗೂ ಆಗುವ ತೊಂದರೆ ಬೆಳಕಿನದು. ಕಿಟಕಿಯ ಬೆಳಕಿನಲ್ಲಿ ತೆಗೆದರೆ ಮೋಡ ಸರಿದಂತೆಲ್ಲ ಚಿತ್ರ ಮಿಣಮಿಣ ಎನ್ನುತ್ತದೆ. ಕಿಟಕಿ ಮುಚ್ಚಿ ದೀಪದಲ್ಲೇ ತೆಗೆಯಿರಿ. ಕ್ಯಾಮೆರಾದ ಫೋಕಸ್ ಮತ್ತು ಬೆಳಕಿನ ಅಳತೆಯನ್ನು ಲಾಕ್ ಮಾಡಿ. ನಲವತ್ತನೇ ಫೋಟೋದ ಹೊತ್ತಿಗೆ ಯಾರೋ ಮೇಜಿಗೆ ತಾಗುತ್ತಾರೆ. ಅವನು ಅಳಬಹುದು, ಅಳಲಿ. ಸಮಾಧಾನವಾದ ಮೇಲೆ ಮೊದಲಿನಿಂದ ಶುರು ಮಾಡುತ್ತಾನೆಯೇ ನೋಡಿ. ಆಸಕ್ತಿ ಎಷ್ಟು ಆಳದ್ದು ಎಂದು ಅಳೆಯಲು ನನಗೆ ಗೊತ್ತಿರುವ ಅತ್ಯಂತ ನಂಬಿಕಸ್ಥ ಪರೀಕ್ಷೆ ಇದು.

ಈ ವಯಸ್ಸಿನ ಮಕ್ಕಳು ಮಹಾಯುದ್ಧದ ಕಥೆ ಹೆಣೆಯುತ್ತಾರೆ, ಮೂರನೇ ದಿನಕ್ಕೆ ಕೈಬಿಡುತ್ತಾರೆ. ಕಥೆಯನ್ನು ತಡೆಯಬೇಡಿ, ಅದನ್ನು ಪುಟ್ಟ ಪುಟ್ಟ ಚೌಕಗಳಲ್ಲಿ ಬರೆದಿಡಲು ಹೇಳಿ. ಅದಕ್ಕೆ ಸ್ಟೋರಿಬೋರ್ಡ್ ಎನ್ನುತ್ತಾರೆ. ಅದರಿಂದ ಐದೇ ಸೆಕೆಂಡನ್ನು ಆರಿಸಿ, ಆ ಐದು ಸೆಕೆಂಡನ್ನು ಮುಗಿಸಲಿ. ಮುಗಿಸಿದ್ದನ್ನು ರಾತ್ರಿ ಊಟದ ನಂತರ ಮನೆಮಂದಿಯೆಲ್ಲ ಒಟ್ಟಿಗೆ ನೋಡಿ.

ಸಾಧ್ಯವಾದರೆ ಅವನನ್ನು ತೊಗಲುಗೊಂಬೆ ಆಟಕ್ಕೆ ಕರೆದುಕೊಂಡು ಹೋಗಿ. ಬೆಂಗಳೂರಿಗೆ ಬಂದಾಗ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿರುವ ತೊಗಲುಗೊಂಬೆಗಳ ಸಂಗ್ರಹ ತೋರಿಸಿ, ಎಂ.ಎಸ್. ನಂಜುಂಡರಾವ್ ಅವರ ಶ್ರಮದಿಂದ ಕೂಡಿಬಂದ ಸಂಪತ್ತು ಅದು. ಭುಜ, ಮೊಣಕೈಯಲ್ಲಿ ಕೀಲು ಹಾಕಿ, ಕಡ್ಡಿಯಿಂದ ಆಡಿಸುವ ಗೊಂಬೆಯನ್ನು ಕಂಡರೆ ಅವನಿಗೆ ಕತ್ತರಿಸಿದ ಆಕೃತಿಗಳನ್ನು ಸರಿಸಿ ಸರಿಸಿ ಮಾಡುವ ಕಟ್-ಔಟ್ ಅನಿಮೇಷನ್ ತಾನಾಗಿಯೇ ಹೊಳೆಯುತ್ತದೆ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕಪ್ಪು ಕಾಗದ ಕತ್ತರಿಸಿ, ಕೀಲು ಜೋಡಿಸಿ ಒಂದು ಇಡೀ ಚಲನಚಿತ್ರವನ್ನೇ ಮಾಡಿದರು. ನಿಮ್ಮ ಮನೆಯಲ್ಲಿ ಮದುವೆ ಕಾರ್ಡುಗಳ ರಟ್ಟು ಇದ್ದೇ ಇರುತ್ತದೆ. ಸೂಜಿ, ದಾರ, ಎರಡು ಗಂಟು ಹಾಕಿದರೆ ಕೀಲು ಸಿದ್ಧ.

ಇನ್ನು ಟ್ಯಾಬ್. ಈಗ ಬೇಡ. ಟ್ಯಾಬ್ ಬಂದ ವಾರವೇ ಅದರಲ್ಲಿ ಆಟಗಳು ಬಂದು ಕೂರುತ್ತವೆ, ನಾಯಿ ಮೂಲೆಗೆ ಸರಿಯುತ್ತದೆ. ಕಾಗದದ ಮೇಲೆ ಐದಾರು ಪುಟ್ಟ ಚಿತ್ರಗಳನ್ನು ಮುಗಿಸಿದ ಮೇಲೆ, ಮನೆಯಲ್ಲಿ ಕಂಪ್ಯೂಟರ್ ಇದ್ದರೆ, ಅದಕ್ಕೆ ಜೋಡಿಸುವ ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್ ಕೊಡಿಸಿ. ಮೂರರಿಂದ ಐದು ಸಾವಿರ ರೂಪಾಯಿಗೆ ಕಲಿಯುವವರಿಗೆ ಸಾಕಾಗುವಂಥದ್ದು ಸಿಗುತ್ತದೆ. ತಂತ್ರಾಂಶಕ್ಕೆ ಒಂದು ಪೈಸೆಯೂ ಬೇಡ: ಪೆನ್ಸಿಲ್‌ಟೂಡಿ, ಕ್ರಿತಾ, ಬ್ಲೆಂಡರ್ ಮೂರೂ ಉಚಿತ. 2025ರಲ್ಲಿ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ತಯಾರಾದದ್ದು ಬ್ಲೆಂಡರಿನಲ್ಲಿ. ಮಾತೇ ಇಲ್ಲದ ಚಿತ್ರ. ಅದರ ಬೆಕ್ಕು ಬೆಕ್ಕಿನ ಹಾಗೆಯೇ ನಡೆಯುತ್ತದೆ, ಬೆಕ್ಕಿನ ಹಾಗೆಯೇ ಹೆದರುತ್ತದೆ. ಅಪ್ಪ, ಅಮ್ಮ, ಮಗ ಕೂಡಿ ನೋಡಿ.

ಶಾಲೆಯ ವಿಷಯದಲ್ಲಿ ಶಿಕ್ಷಕರ ಮಾತು ಸರಿ. ಗಣಿತದ ಪುಸ್ತಕ ಗಣಿತಕ್ಕೆ ಇರಲಿ. ಒಂದು ದಪ್ಪ ಚಿಕ್ಕ ಪುಸ್ತಕ ಅವನ ಬ್ಯಾಗಿನಲ್ಲಿ ಬೇರೆಯೇ ಇರಲಿ, ಬಿಡುವಿನಲ್ಲಿ ಬರೆಯಲಿ. ಅಂಕ ಕಡಿಮೆ ಬಂದಾಗ ಶಿಕ್ಷೆಯೆಂದು ಆ ಪುಸ್ತಕ ಮಾತ್ರ ಕಿತ್ತುಕೊಳ್ಳಬೇಡಿ, ದಯವಿಟ್ಟು. ಹಾಗೆ ಕಿತ್ತುಕೊಂಡ ಮನೆಗಳ ಮಕ್ಕಳನ್ನು ನಾನು ಕಂಡಿದ್ದೇನೆ. ಚಿತ್ರ ಬಿಟ್ಟರು, ಗಣಿತವೇನೂ ಹತ್ತಿರ ಬರಲಿಲ್ಲ.

ಪ್ರಶ್ನೆ: ಎಂಟು ವರ್ಷದ ಮಗಳು ಕಾರ್ಟೂನ್ ಬಿಟ್ಟು ಏಳುವುದೇ ಇಲ್ಲ. ಇದನ್ನು ಅನಿಮೇಷನ್ ಆಸಕ್ತಿ ಎಂದುಕೊಂಡು ಪ್ರೋತ್ಸಾಹಿಸಬೇಕೆ?
– ಶಿವಮೊಗ್ಗದ ಓದುಗರು

ಉತ್ತರ: ಅಷ್ಟರಿಂದಲೇ ಹೇಳಲಾಗದು. ಹೋಳಿಗೆ ಇಷ್ಟಪಡುವವರೆಲ್ಲ ಹೂರಣ ರುಬ್ಬಲು ಕೂರುವುದಿಲ್ಲ. ಒಂದು ದಿನ ಕಥೆ ಮಧ್ಯದಲ್ಲಿದ್ದಾಗ ನಿಲ್ಲಿಸಿ, ‘ಮುಂದೇನಾಗುತ್ತದೆ, ಬರೆದು ತೋರಿಸು’ ಎಂದು ಹಾಳೆ, ಬಣ್ಣ ಕೊಡಿ. ಇನ್ನೊಂದು ದಿನ ಶಬ್ದ ಬಂದ್ ಮಾಡಿ ನೋಡಿ. ಪಾತ್ರ ನಡೆಯುವ ರೀತಿಯನ್ನು ಅವಳು ಅಣಕಿಸಿ ತೋರಿಸಿದರೆ, ಹಿಂದಕ್ಕೆ ಹಾಕಿ ಇನ್ನೊಮ್ಮೆ ನೋಡಬೇಕೆಂದರೆ, ‘ಇದನ್ನು ಹೇಗೆ ಮಾಡಿದರು’ ಎಂದು ಕೇಳಿದರೆ, ಮೇಲೆ ಹೇಳಿದ ಅವರೆಕಾಳಿನಿಂದ ಶುರು ಮಾಡಿ. ಏನೂ ಮಾಡದೆ ರಿಮೋಟ್ ಕೇಳಿದರೆ ಅವಳಿಗೆ ಕಥೆ ಬೇಕಾಗಿದೆ ಎಂದರ್ಥ. ಮಲಗುವಾಗ ಒಂದು ಕಥೆ ಓದಿ ಹೇಳಿ, ಪರದೆಯ ಹೊತ್ತು ಕಡಿಮೆ ಮಾಡಿ.

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ. ಐದಾರು ವರ್ಷದಿಂದ ಅನಿಮೇಷನ್ನಿನದೇ ಧ್ಯಾನ, ಮೊಬೈಲಿನಲ್ಲಿ ಪುಟ್ಟ ಚಿತ್ರಗಳನ್ನೂ ಮಾಡಿದ್ದಾಳೆ. ಒಂದು ಖಾಸಗಿ ಸಂಸ್ಥೆಯವರು ‘ಪಿಯುಸಿ ಬೇಕಿಲ್ಲ, ನೇರ ಡಿಪ್ಲೊಮಾಗೆ ಸೇರಿಸಿ, ನೂರಕ್ಕೆ ನೂರು ಕೆಲಸ’ ಎನ್ನುತ್ತಿದ್ದಾರೆ. ಲಕ್ಷಗಟ್ಟಲೆ ಶುಲ್ಕ. ಸೇರಿಸಬಹುದೆ?
– ಒಬ್ಬ ತಂದೆ, ಧಾರವಾಡ

ಉತ್ತರ: ಬೇಡ. ಪಿಯುಸಿ ಮಾಡಿಸಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪದವಿಗಾಗಲಿ, ಐಐಟಿ ಬಾಂಬೆಯಂಥ ಕಡೆ ವಿನ್ಯಾಸ ಪದವಿಗೆ ಸೇರಿಸುವ ಯುಸೀಡ್ ಪರೀಕ್ಷೆಗಾಗಲಿ ಹನ್ನೆರಡನೇ ತರಗತಿ ಅಥವಾ ಅದಕ್ಕೆ ಸಮನಾದ ಓದು ಬೇಕೇ ಬೇಕು. ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ನಡೆಯುತ್ತದೆ. ಚಿತ್ರಕಲಾ ಕಾಲೇಜುಗಳಲ್ಲಿ ಬಿಎಫ್‌ಎ ಎಂಬ ಲಲಿತಕಲಾ ಪದವಿ ಕೂಡ ಒಳ್ಳೆಯ ದಾರಿ. ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ನಮ್ಮಲ್ಲೇ ಇವೆ. ಅವಳಿಗೆ ಗಣಿತ, ಭೌತಶಾಸ್ತ್ರ ಸಲೀಸಾಗಿದ್ದರೆ ಬಿಡಿಸಬೇಡಿ. ತ್ರೀಡಿಯಲ್ಲಿ ಪಾತ್ರಕ್ಕೆ ಮೂಳೆ ಕೂರಿಸುವಲ್ಲಿ, ನೀರು, ಹೊಗೆ, ಬೆಂಕಿ ಮಾಡುವಲ್ಲಿ ಅವೆರಡೂ ಉಪಯೋಗಕ್ಕೆ ಬರುತ್ತವೆ.

ಕೆಲಸದ ಬಗ್ಗೆ ಸುಳ್ಳು ಭರವಸೆ ಕೊಡಲು ನನಗೆ ಮನಸ್ಸಿಲ್ಲ. 2012ರಲ್ಲಿ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ನಮ್ಮದು. 2024ರಲ್ಲಿ ಹೊಸ ನೀತಿಯೂ ಬಂದಿದೆ. ಬೆಂಗಳೂರಿನ ಕಲಾವಿದರು ಜಗತ್ತಿನ ದೊಡ್ಡ ಚಿತ್ರಗಳಿಗೆ ಕೆಲಸ ಮಾಡಿದ್ದಾರೆ. ಅದೇ ಬೆಂಗಳೂರಿನಲ್ಲಿ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ಅನಿಮೇಷನ್, ವಿಎಫ್‌ಎಕ್ಸ್ ಕಂಪನಿ ಏಕಾಏಕಿ ಬಾಗಿಲು ಮುಚ್ಚಿ, ನುರಿತವರೇ ರಾತ್ರೋರಾತ್ರಿ ಕೆಲಸ ಕಳೆದುಕೊಂಡರು. ಇಲ್ಲಿನ ಬಹುಪಾಲು ಕೆಲಸ ಹೊರದೇಶದಿಂದ ಬರುವಂಥದ್ದು, ಅಲ್ಲಿ ಚಿತ್ರಗಳು ಕಡಿಮೆಯಾದರೆ ಇಲ್ಲಿ ಕುರ್ಚಿಗಳು ಖಾಲಿಯಾಗುತ್ತವೆ. ಚಲನೆಯ ಮುಖ್ಯ ಭಂಗಿಗಳಾದ ಎರಡು ಕೀ-ಫ್ರೇಮಿನ ನಡುವಿನ ಚಿತ್ರಗಳನ್ನು ತುಂಬುವುದು, ಗೆರೆ ತಿದ್ದುವುದು, ಇಂಥ ಕೆಲಸಗಳಿಗೆ ಯಂತ್ರವೂ ಬಂದಿದೆ. ಬರೀ ತಂತ್ರಾಂಶದ ಗುಂಡಿಗಳನ್ನು ಕಲಿಸುವ ಕೋರ್ಸಿಗೆ ಲಕ್ಷ ಸುರಿಯಬೇಡಿ ಎನ್ನುವುದು ಇದಕ್ಕೇ.

ಯಾವ ಸಂಸ್ಥೆಗೇ ಹೋದರೂ ಕರಪತ್ರ ಪಕ್ಕಕ್ಕಿಟ್ಟು, ಕಳೆದ ವರ್ಷದ ವಿದ್ಯಾರ್ಥಿಗಳು ಮಾಡಿದ ಚಿತ್ರಗಳನ್ನು ತೋರಿಸಿ ಎಂದು ಕೇಳಿ. ಎದುರಿಗೆ ಮನುಷ್ಯರನ್ನು ಕೂರಿಸಿ ಚಿತ್ರ ಬರೆಸುವ ತರಗತಿ ವಾರಕ್ಕೆ ಎಷ್ಟು ಗಂಟೆ ಇದೆ ಎಂದು ಕೇಳಿ. ಎರಡು ವರ್ಷದ ಹಿಂದೆ ಮುಗಿಸಿದ ಇಬ್ಬರೊಡನೆ ನೀವೇ ಮಾತಾಡಿ. ಬಿಟ್ಟುಹೋದರೆ ಶುಲ್ಕ ಎಷ್ಟು ವಾಪಸ್ ಎಂಬುದನ್ನು ಬರಹದಲ್ಲಿ ಪಡೆಯಿರಿ. ಇದಕ್ಕೆಲ್ಲ ಹಿಂಜರಿಯುವ ಕಡೆ ಮಗಳನ್ನು ಬಿಟ್ಟು ಬರಬೇಡಿ.

ನಾನು ಅನೇಕ ವರ್ಷ ಹೊಸಬರ ಶೋರೀಲ್, ಅಂದರೆ ತಮ್ಮ ಕೆಲಸದ ತುಣುಕುಗಳನ್ನು ಜೋಡಿಸಿ ಕಳಿಸುವ ವಿಡಿಯೊ, ನೋಡುವ ಕೆಲಸ ಮಾಡಿದ್ದೇನೆ. ಮೊದಲ ಅರ್ಧ ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ, ಈ ಮಗು ಬಸ್ ನಿಲ್ದಾಣದಲ್ಲಿ ಕೂತು ಜನರನ್ನು ನೋಡಿದೆಯೋ, ಬೇರೆಯವರ ಕಾರ್ಟೂನ್ ಮಾತ್ರ ನೋಡಿದೆಯೋ ಎಂದು. ಕೈಯಲ್ಲಿ ಚೀಲ ಹಿಡಿದ ಮುದುಕಿ ಬಸ್ ಹತ್ತುವಾಗ ಮೊದಲು ಚೀಲ ಮೇಲಿಡುತ್ತಾಳೆ, ಆಮೇಲೆ ಕಂಬಿ ಹಿಡಿಯುತ್ತಾಳೆ, ಒಂದು ಗಳಿಗೆ ಉಸಿರು ತೆಗೆದುಕೊಳ್ಳುತ್ತಾಳೆ. ಆ ಉಸಿರನ್ನು ಕಂಡವರು ನನ್ನ ಪಟ್ಟಿಯಲ್ಲಿ ಉಳಿಯುತ್ತಿದ್ದರು. ನಿಮ್ಮ ಮಗಳಿಗೆ ಜೇಬಿನಲ್ಲಿ ಹಿಡಿಸುವ ಒಂದು ಸ್ಕೆಚ್ ಪುಸ್ತಕ ಕೊಡಿಸಿ, ಭಾನುವಾರ ಬೆಳಗ್ಗೆ ಸಂತೆಗೋ ರೈಲು ನಿಲ್ದಾಣಕ್ಕೋ ಜೊತೆಗೆ ಕರೆದುಕೊಂಡು ಹೋಗಿ, ಒಂದು ಗಂಟೆ ಅವಳ ಪಾಡಿಗೆ ಬಿಡಿ.

ಯುಸೀಡ್ ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತದೆ. ಅರ್ಜಿ ಕರೆಯುವುದು ಅಕ್ಟೋಬರ್ ಹೊತ್ತಿಗೇ. ದ್ವಿತೀಯ ಪಿಯುಸಿಯ ದಸರೆ ರಜೆಯಲ್ಲೇ ಅದರ ವೆಬ್‌ಸೈಟ್ ನೋಡಿಕೊಳ್ಳಿ. ಅಲ್ಲಿಯವರೆಗಿನ ಕೆಲಸ ಒಂದೇ. ಅವಳು ಬರೆದ ಪ್ರತಿ ಹಾಳೆಯ ಹಿಂದೆ ತಾರೀಖು ಹಾಕಿಸಿ, ಒಂದು ಗಟ್ಟಿ ರಟ್ಟಿನ ಫೈಲಿನಲ್ಲಿ ಸೇರಿಸುತ್ತಾ ಹೋಗಿ. ಅವಳಿಗೆ ಕೆಟ್ಟದಾಗಿದೆ ಎನ್ನಿಸಿದ ಹಾಳೆಗಳನ್ನೂ ಎಸೆಯಲು ಬಿಡಬೇಡಿ.